ನೆಲದಲ್ಲಿ ಹೊರಳಿದ ವೈದ್ಯ

"ಗುರುಗಳೇ, ನಿಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸೋಣವೆಂದರೆ ಯಾಕೆ ಬೇಡವೆನ್ನುತ್ತೀರಿ? ನಾಳೆ ನಿಮ್ಮನ್ನು ಯಾರು ನೆನೆಯುತ್ತಾರೆ?" ಎಂದು ಅಡಿವೆಪ್ಪ ಕೇಳಿದ. ಗುರುಗಳಿಗೆ ಎಂಬತ್ತು ದಾಟಿತ್ತು. ಅವರಿಲ್ಲದ ದಿನವನ್ನು ನೆನೆಯಲೂ ಅವನಿಗೆ ಮನಸ್ಸಾಗುತ್ತಿರಲಿಲ್ಲ. ಪಾಠಶಾಲೆಯ ಬಾಗಿಲಿಗೆಂದು ಕಲ್ಲನ್ನೂ ತರಿಸಿಟ್ಟಿದ್ದ, ಹೆಸರೊಂದು ಬಾಕಿ.

"ಬಾರಪ್ಪ, ಕೂತುಕೋ," ಎಂದರು ಗುರುಗಳು.

"ಒಂದು ಸೀಮೆಯಲ್ಲಿ ಒಬ್ಬ ವೈದ್ಯನಿದ್ದ. ಮೂರ್ಛೆರೋಗ ದೆವ್ವದ ಕಾಟವಲ್ಲ, ಮಿದುಳಿನ ತೊಂದರೆ ಎಂದು ಅಲ್ಲಿ ಮೊದಲು ಹೇಳಿದವನು ಅವನೇ. ಜನ ಕೇಳಬೇಕಲ್ಲ! ಯಾರಾದರೂ ಬಿದ್ದು ಒದ್ದಾಡಿದರೆ ಕೈಕಾಲು ಅದುಮಿ ಹಿಡಿದು, ಬೀಗದ ಕೈ ಗೊಂಚಲನ್ನು ಅಂಗೈಗೆ ತುರುಕುತ್ತಿದ್ದರು. ವೈದ್ಯ ವಾದಕ್ಕೆ ಹೋಗಲಿಲ್ಲ. ಔಷಧಿ ಕೊಟ್ಟ ಮನೆಯಲ್ಲೆಲ್ಲ ತಾನೇ ನೆಲದ ಮೇಲೆ ಬಿದ್ದು ಒದ್ದಾಡಿ ತೋರಿಸುತ್ತಿದ್ದ. 'ಅದುಮಬೇಡಿ ತಾಯಿ. ಒದ್ದಾಟ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ, ಪಕ್ಕದಲ್ಲೇ ಕೂತಿರಿ' ಎನ್ನುತ್ತಿದ್ದ. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಲೇ ಆ ಪುಣ್ಯಾತ್ಮನನ್ನು ಹೊರಳಿಸಿ ಹೊರಳಿಸಿ ಕಲಿತರು.

"ಮುಪ್ಪಿನಲ್ಲಿ ಅದೇ ರೋಗ ಅವನಿಗೂ ಬಂತು. ಒಂದು ದಿನ ದೂರದ ಊರಿನ ಸಂತೆಯಲ್ಲಿ ದೊಪ್ಪನೆ ಬಿದ್ದ. ಜನ ಬೀಗದ ಕೈ ಹಿಡಿದು ಓಡಿಬಂದರು. ಸೊಪ್ಪು ಮಾರುವವಳೊಬ್ಬಳು ಅಡ್ಡ ನಿಂತಳು. 'ಅದನ್ನು ನಿಮ್ಮ ಮನೆ ಬೀಗಕ್ಕೆ ಹಾಕ್ಕೊಳ್ಳಿ. ಆಚೆ ಸರೀರಿ, ಗಾಳಿ ಬರಲಿ!' ಎಂದು ಗದರಿದಳು. ತಲೆಯಡಿಗೆ ಗೋಣಿಚೀಲ ಮಡಿಸಿಟ್ಟಳು. ಒದ್ದಾಟ ನಿಂತಾಗ ಮಗ್ಗುಲಿಗೆ ಹೊರಳಿಸಿದಳು. ಅತ್ತ ಸೊಪ್ಪು ಬಾಡಿದರೂ ಅವನು ಕಣ್ಣು ಬಿಡುವ ತನಕ ಅವಳು ಪಕ್ಕದಿಂದ ಏಳಲಿಲ್ಲ.

"'ಇದನ್ನು ಯಾರು ಕಲಿಸಿದರಮ್ಮ?' ಎಂದು ವೈದ್ಯ ಕೇಳಿದ.

"'ನಮ್ಮತ್ತೆ, ತಾತ. ಅವರಿಗೆ ಯಾರೋ ಹುಚ್ಚು ಡಾಕ್ಟರಂತೆ, ನೆಲದಲ್ಲಿ ಬಿದ್ದು ಹೊರಳಾಡಿ ತೋರಿಸಿದ್ದನಂತೆ. ಹೆಸರು ಯಾರಿಗೆ ಗೊತ್ತು! ನೀವು ಮೊದಲು ನೀರು ಕುಡೀರಿ.'

"ವೈದ್ಯನಿಗೆ ನಗು ಬಂತು, ಕಣ್ಣೂ ತುಂಬಿತು. ನೀರು ಕುಡಿದು, ಅವಳಿಗೆ ಕೈಮುಗಿದು, ಮನೆಗೆ ಹೋದ."

ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. "ಅಯ್ಯೋ, 'ಆ ಡಾಕ್ಟರು ನಾನೇ' ಅಂತ ಒಂದು ಮಾತು ಹೇಳಬಾರದಿತ್ತೇ? ಹೆಸರೇ ಗೊತ್ತಿಲ್ಲದ ಮೇಲೆ ಅವನದು ಅಂತ ಏನು ಉಳಿಯಿತು?"

ಗುರುಗಳು ಅವನ ಬೆನ್ನು ಸವರಿದರು. "ಹನ್ನೆರಡು ವರ್ಷದಿಂದ ನನ್ನಲ್ಲಿ ಕಲಿಯುತ್ತಿದ್ದೀಯಲ್ಲ ಮಗು, ನನಗೆ ಕಲಿಸಿದವರ ಹೆಸರು ಹೇಳು ನೋಡೋಣ."

ಅಡಿವೆಪ್ಪನಿಗೆ ಗೊತ್ತಿರಲಿಲ್ಲ. ಮರುದಿನ ಆ ಕಲ್ಲನ್ನು ಹೆಸರಿಲ್ಲದೆಯೇ ಪಾಠಶಾಲೆಯ ಮೆಟ್ಟಿಲಿಗೆ ಹಾಸಿದ.