ರಾಣಿ ದಾಟದ ಬಾಗಿಲು

“ಗುರುಗಳೇ, ನನ್ನ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೇನೆ. ಒಂದು ದುಡ್ಡು ಕೊಟ್ಟು ತಂದದ್ದು, ಇನ್ನೊಂದು ಪುಕ್ಕಟೆಯದು. ಇದರಲ್ಲಿ ಕುಳಿತರೆ ಅದು ಮೇಲು ಅನಿಸುತ್ತದೆ. ಅದಕ್ಕೆ ಹೋದರೆ ಇದೇ ಮೇಲು ಅನಿಸುತ್ತದೆ. ಯಾವುದರಲ್ಲಿ ನಿಲ್ಲಲಿ?”

ಕೇಳಿದವನು ಕೊಟ್ರಯ್ಯ. ಗುರುಗಳ ಮಾತುಗಳನ್ನು ಪುಸ್ತಕಕ್ಕೆ ಟೈಪು ಮಾಡುವ ಕೆಲಸ ಅವನದು. ಪುಸ್ತಕ ಹೋದ ವರ್ಷವೇ ಬರಬೇಕಿತ್ತು.

ಗುರುಗಳು ಹೇಳಿದರು.

ಒಬ್ಬ ಮಾಸ್ತರ ಇದ್ದ. ಅವನ ಊರಿನಲ್ಲಿ ತೊಗಲುಗೊಂಬೆ ಆಡಿಸುವ ಮನೆ ಒಂದಿತ್ತು. ಆ ಮನೆಯಲ್ಲಿ ಉಳಿದವರು ಒಬ್ಬ ಮುದುಕಿ ಮತ್ತು ಅವಳ ಮಗಳು. ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಪ್ರಸಂಗ ಮುದುಕಿಯ ಬಾಯಲ್ಲಿತ್ತು. ವೈರಿಗಳು ಮುತ್ತಿದ ಕೋಟೆಯಿಂದ ಒಬ್ಬ ರಾಣಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊರಡುವ ಕತೆ. ಮಗಳಿಗೆ ಗೊಂಬೆ ಆಡಿಸಲು ಬರುತ್ತಿತ್ತು. ಪದಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಓದು ಬರುತ್ತಿತ್ತು, ಹಾಡಿನ ವೇಗಕ್ಕೆ ಬರೆಯಲು ಬರುತ್ತಿರಲಿಲ್ಲ.

ಮುದುಕಿ ಮಾಸ್ತರನನ್ನು ಕರೆಸಿದಳು.

“ನಾ ಹೋಗೂದ್ರಾಗ ಇದನ್ನ ಬರದು ಕೊಡ್ರಿ. ನನ್ನ ಮಗಳು ಓದಿಕೊಂಡು ಆಡಸ್ತಾಳ” ಎಂದಳು.

ಧ್ವನಿ ಹಿಡಿದಿಡಲು ಮಾತ್ರ ಒಪ್ಪಲಿಲ್ಲ. ಒಡೆದ ಗಂಟಲು ತನ್ನ ಹಿಂದೆ ಉಳಿಯಬಾರದು ಎಂಬುದು ಅವಳ ಹಟ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹಾಡು ನಡುವೆ ನಿಂತರೆ ನಿಂತಲ್ಲಿಂದ ಎತ್ತಿಕೊಳ್ಳುವಂತಿಲ್ಲ. ಮತ್ತೆ ಗಣಪತಿಯ ಪದದಿಂದಲೇ ಹಿಡಿಯಬೇಕು. ಮುಂಜಾನೆ ಕುಳಿತರೆ ಪ್ರಸಂಗ ಮುಗಿಯಲು ಸಂಜೆಯಾಗುತ್ತಿತ್ತು. ಒಂದು ಸಲ ಹಾಡಿದರೆ ಮುದುಕಿ ವಾರಗಟ್ಟಲೆ ಹಾಸಿಗೆಯಿಂದ ಏಳುತ್ತಿರಲಿಲ್ಲ. ಮಾಸ್ತರನಿಗೆ ಇದೆಲ್ಲ ಗೊತ್ತಿತ್ತು.

ಅವನ ಕಂಪ್ಯೂಟರಿನಲ್ಲೂ ನಿನ್ನದರಂತೆ ಎರಡು ಸಿಸ್ಟಮ್ ಇದ್ದವು. ಮೊದಲು ಕೊಂಡು ತಂದದ್ದರಲ್ಲಿ ಬರೆಯತೊಡಗಿದ. ಹಾಡಿನಲ್ಲಿ ರಾಣಿ ಕೋಟೆ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಕಂಪ್ಯೂಟರು ತಾನಾಗಿಯೇ ಅಪ್‌ಡೇಟಿಗೆ ಕುಳಿತಿತು. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಹಾಡು ನಿಂತಿತು.

ಮಾಸ್ತರ ಆ ಸಿಸ್ಟಮ್ಮನ್ನು ಬೈದ. ಪುಕ್ಕಟೆಯದಕ್ಕೆ ಬಂದ. ಅದರಲ್ಲಿ ತೆರೆದರೆ ಮೊದಲು ಬರೆದದ್ದೆಲ್ಲ ಚುಕ್ಕಿ, ಕೊಂಕು, ಪ್ರಶ್ನೆ ಚಿಹ್ನೆ. ಮಳೆಗಾಲವಿಡೀ ಅದನ್ನು ರಿಪೇರಿ ಮಾಡಿದ. ಆಮೇಲೆ ಮುದುಕಿಯ ಮುಂದೆ ಕುಳಿತ. ಈ ಸಲವೂ ರಾಣಿ ಕೋಟೆ ಬಾಗಿಲಿಗೆ ಬಂದಳು. ಒತ್ತಕ್ಷರಗಳು ಪಕ್ಕಕ್ಕೆ ಬೀಳುತ್ತಿದ್ದವು. ಓದಲು ತೊಂದರೆ ಇರಲಿಲ್ಲ. ಆದರೆ ಮಾಸ್ತರನ ಕಣ್ಣು ಅದನ್ನು ಸಹಿಸಲಿಲ್ಲ. ಕಂಪ್ಯೂಟರು ಆರಿಸಿ ಮತ್ತೆ ಕೊಂಡು ತಂದ ಸಿಸ್ಟಮ್ಮಿನಲ್ಲಿ ಹೊತ್ತಿಸಿದ.

ಮುದುಕಿ ಹಾಡು ನಿಲ್ಲಿಸಿ ಕೇಳಿದಳು.

“ಯಾಕ್ರಿ ಮಾಸ್ತರ, ನಿಮ್ಮ ಪೆಟಗಿ ಮತ್ತ ಮಡಿ ಬದಲಸಾಕ ಹೋತೇನು?”

“ಚಣ ತಡಿ ಬೇ. ಈಗ ಬರ್ತದ.”

“ನಾ ತಡೀತೀನಪಾ. ನನ್ನ ಹಲ್ಲು ತಡೀಲಿಲ್ಲ ನೋಡು.”

ಮಗಳು ನಕ್ಕಳು. ಆಮೇಲೆ ಒಂದು ಪೆನ್ನು ತಂದು ಮಾಸ್ತರನ ಮುಂದೆ ಇಟ್ಟಳು. ಅದನ್ನು ಅವನು ಮುಟ್ಟಲಿಲ್ಲ. ಕೈಯಲ್ಲಿ ಬರೆದರೆ ಮತ್ತೆ ಟೈಪು ಮಾಡಬೇಕು, ಅದು ಎರಡು ಕೆಲಸ ಎಂದ.

ಊರಿನಲ್ಲಿ ಮಾಸ್ತರನ ಹೆಸರು ಬೆಳೆಯಿತು. ಎರಡೂ ಸಿಸ್ಟಮ್ಮುಗಳ ಗುಣದೋಷ ಬಲ್ಲವನು ಅವನೊಬ್ಬನೇ. ಜನ ಕೇಳಲು ಬರುತ್ತಿದ್ದರು. ಅವನು ಊಟ ಬಿಟ್ಟು ಹೇಳುತ್ತಿದ್ದ. ಇದರಿಂದ ಅದಕ್ಕೆ ಹೋದ, ಅದರಿಂದ ಇದಕ್ಕೆ ಬಂದ. ಹೋದಾಗಲೆಲ್ಲ ಇದೇ ಕೊನೆ ಎಂದ. ಮುದುಕಿ ಹಾಡಲು ಕುಳಿತಾಗಲೆಲ್ಲ ಗಣಪತಿಯಿಂದ ಹಿಡಿದಳು. ಅವಳ ಉಸಿರು ಕಡಿಮೆಯಾಗುತ್ತ ಬಂತು. ರಾಣಿ ಬಾಗಿಲಿನ ತನಕ ಬರುವುದೇ ಕಷ್ಟವಾಯಿತು.

ಕೊನೆಗೆ ಮಾಸ್ತರ ಎರಡನ್ನೂ ಸರಿಮಾಡಿದ. ಯಾವುದರಲ್ಲಿ ಬರೆದರೂ ಇನ್ನೊಂದರಲ್ಲಿ ಓದಬಹುದು. ಒಂದು ಅಕ್ಷರವೂ ಒಡೆಯುವುದಿಲ್ಲ. ಅದನ್ನು ಹೊತ್ತು ಖುಷಿಯಿಂದ ಮುದುಕಿಯ ಮನೆಗೆ ಹೋದ.

ಮುದುಕಿಗೆ ಲಕ್ವ ಹೊಡೆದಿತ್ತು. ಬಾಯಿ ಬಿದ್ದುಹೋಗಿತ್ತು.

ಮಾಸ್ತರನನ್ನು ನೋಡಿ ಅವಳು ಮಗಳಿಗೆ ಕೈಸನ್ನೆ ಮಾಡಿದಳು. ಮಗಳು ರಾಣಿಯ ಗೊಂಬೆ ತಂದು ಕೊಟ್ಟಳು. ಮುದುಕಿ ಇನ್ನೂ ಆಡುತ್ತಿದ್ದ ಒಂದು ಕೈಯಿಂದ ಗೊಂಬೆಯನ್ನು ಗೋಡೆಯ ಮೇಲೆ ನಡೆಸಿದಳು. ರಾಣಿ ಹೊರಟಳು, ನಿಂತಳು, ತಿರುಗಿ ನೋಡಿದಳು, ಬಾಗಿದಳು. ಯಾಕೆ ಬಾಗಿದಳು ಎಂದು ಮಗಳಿಗೂ ತಿಳಿಯಲಿಲ್ಲ, ಮಾಸ್ತರನಿಗೂ ತಿಳಿಯಲಿಲ್ಲ. ಅವನ ಬೆರಳುಗಳು ಕೀಲಿಗಳ ಮೇಲೆಯೇ ಇದ್ದವು.

ಮುದುಕಿ ಸತ್ತಳು. ಪದ ಪೂರ್ತಿಯಿಲ್ಲದ ಗೊಂಬೆಯನ್ನು ಮನೆಯಲ್ಲಿ ಇಡಬಾರದು ಎಂಬುದು ಆ ಮನೆಯ ಇನ್ನೊಂದು ಕಟ್ಟಳೆ. ಮಗಳು ರಾಣಿಯನ್ನೂ ಕೂಸನ್ನೂ ಹೊಳೆಗೆ ಬಿಟ್ಟು ಬಂದಳು. ಮಾಸ್ತರ ದಡದಲ್ಲಿದ್ದ. ಅವಳು ಅವನನ್ನು ದಾಟಿ ಮನೆಗೆ ನಡೆದಳು.

ಗುರುಗಳ ಕತೆ ಇಲ್ಲಿಗೆ ಮುಗಿಯಿತು.

ಕೊಟ್ರಯ್ಯ ಕೇಳಿದ.

“ಗುರುಗಳೇ, ಕೊನೆಗಾದರೂ ಮಾಸ್ತರನಿಗೆ ಯಾವುದು ಒಳ್ಳೆಯದೆಂದು ತಿಳಿಯಿತೇ?”

“ಎರಡೂ ಒಳ್ಳೆಯವೇ, ಎರಡರಲ್ಲೂ ರಾಣಿ ಇನ್ನೂ ಕೋಟೆ ಬಾಗಿಲಲ್ಲೇ ನಿಂತಿದ್ದಾಳೆ.”