ನೆತ್ತರಿನ ನೀರುಗಂಟಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಮನುಷ್ಯರೂ ದನಕರುಗಳ ಹಾಗೆ ಕೈಕಾಲು ಊರಿಕೊಂಡೇ ಓಡಾಡುತ್ತಿದ್ದರು.

ಬೊಮ್ಮಿ ಎಂಬ ತಾಯಿಯ ಮೈಯೊಳಗೆ, ತಲೆಯೂ ಬೆನ್ನೂ ಸೇರುವ ಕಡೆ, ಕೆಂಚಯ್ಯ ಎಂಬ ನೀರುಗಂಟಿ ಇದ್ದ. ಕೆರೆಯ ನೀರುಗಂಟಿ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುತ್ತಾನಲ್ಲ, ಹಾಗೆ ಇವನು ಮೈಗೆಲ್ಲ ನೆತ್ತರು ಹಂಚುತ್ತಿದ್ದ. ಬೆನ್ನಿನುದ್ದಕ್ಕೂ ಅವನ ಹಗ್ಗಗಳಿದ್ದವು, ಒಂದೊಂದು ಕಾಲುವೆಗೆ ಒಂದೊಂದು. ಎಳೆದರೆ ಕಾಲುವೆ ಕಿರಿದಾಗುತ್ತಿತ್ತು, ಬಿಟ್ಟರೆ ಅಗಲವಾಗುತ್ತಿತ್ತು. ಗುಂಡಿಗೆಗೂ ಒಂದು ಹಗ್ಗವಿತ್ತು. ಅದನ್ನು ಎಳೆದರೆ ಗುಂಡಿಗೆ ಬೇಗಬೇಗ ಬಡಿಯುತ್ತಿತ್ತು.

ಕೆಂಚಯ್ಯನದು ಒಂದೇ ನೇಮ: ಕಡೆಯ ಗದ್ದೆಗೆ ಮೊದಲು ನೀರು. ಮೈಯಲ್ಲಿ ಕಡೆಯ ಗದ್ದೆ ಎಂದರೆ ಪಾದ. ಹಾಗಾಗಿ ಕಾಲಿನ ಹಗ್ಗವನ್ನು ಅವನು ಎಂದೂ ಎಳೆದವನಲ್ಲ. ಈ ನೇಮದ ಬಗ್ಗೆ ಅವನಿಗೆ ಒಂಚೂರು ಜಂಬವೂ ಇತ್ತು.

ಒಂದು ಮಧ್ಯಾಹ್ನ ಬೊಮ್ಮಿ ಬೆನ್ನ ಮೇಲೆ ಕೂಸನ್ನು ಹೊತ್ತು ಹೊಳೆ ದಾಟುತ್ತಿದ್ದಳು. ನಡುಹೊಳೆಗೆ ಬರುವಷ್ಟರಲ್ಲಿ ನೀರು ಏರಿತು. ಕೂಸಿನ ಕಾಲು ಮುಟ್ಟಿತು.

"ಎದ್ದು ನಿಲ್ಲು ತಾಯಿ. ನಾನಂತೂ ನಿಲ್ಲೋ ಹಾಗಿಲ್ಲ," ಎಂದಿತು ಹೊಳೆ.

ಬೊಮ್ಮಿ ಕೂಸನ್ನು ಅವಚಿಕೊಂಡು ಎದ್ದಳು. ನೆತ್ತರೆಲ್ಲ ಸರ್ರನೆ ಕಾಲಿಗಿಳಿಯಿತು. ಕಣ್ಣಿಗೆ ಕತ್ತಲೆ ಕವಿದು ಧೊಪ್ಪನೆ ಬಿದ್ದಳು. ಬಿದ್ದಾಗ ತಲೆಗೆ ನೆತ್ತರು ಮರಳಿತು, ಎಚ್ಚರವಾಯಿತು, ಹೇಗೋ ಕೂಸನ್ನು ಹಿಡಿದುಕೊಂಡಳು. ಕೂಸು ನೀರು ಕುಡಿದು ಕೆಮ್ಮುತ್ತಿತ್ತು.

"ಯಾಕೆ ಹಿಂಗೆ ಮಾಡ್ದೆ?" ಎಂದು ಕೆಂಚಯ್ಯ ನೆತ್ತರನ್ನು ಗದರಿದ.

"ಇಳಿಜಾರು ಕಂಡ ಮೇಲೆ ಇಳೀದೆ ಇರೋಕಾಗುತ್ತಾ? ಕಾಲುವೆ ಅಗಲ ಬಿಟ್ಟೋನು ನೀನೇ," ಎಂದಿತು ನೆತ್ತರು.

ಕತ್ತಿನ ಎಡಬಲದಲ್ಲಿ ಅಕ್ಕತಂಗಿಯರಿಬ್ಬರು ಕೂತು ನೆತ್ತರಿನ ರಭಸ ನೋಡುತ್ತಿದ್ದರು. ಅಕ್ಕ ಹೇಳಿದಳು: "ಅಣ್ಣಾ, ಅವಳು ಮತ್ತೆ ಏಳ್ತಾಳೆ, ಬೇರೆ ಗತಿಯಿಲ್ಲ. ಈ ಸಲ ಬಿದ್ರೆ ಕೂಸು ಸಿಗಲ್ಲ. ಕಾಲಿನ ಹಗ್ಗ ಎಳಿ."

"ಕಡೇ ಗದ್ದೆ ಒಣಗಿಸ್ದ ಅನ್ನೋ ಮಾತು ನಂಗೆ ಬೇಡಮ್ಮ."

"ನೀರು ಹತ್ತದೇ ಇರೋ ಗದ್ದೆ ತಾನೆ ಕಡೇದು? ಅವಳು ನಿಂತಾಗ ಅದು ಎಲ್ಲಿರುತ್ತೆ, ನೋಡು."

ಕೆಂಚಯ್ಯ ಕತ್ತೆತ್ತಿದ. ಅವನ ಮನೆಯ ಮೇಲೆಯೇ ಇತ್ತು ತಲೆ. ನೆರೆಮನೆ ತಾನೆ ಎಂದು ಇಷ್ಟು ದಿನ ಅತ್ತ ನೋಡಿರಲೇ ಇಲ್ಲ. ಅವನಿಗೆ ನಾಚಿಕೆಯಾಯಿತು.

ಬೊಮ್ಮಿ ಎದ್ದಳು.

"ರಭಸ ಇಳೀತು ಅಣ್ಣಾ," ಎಂದರು ಅಕ್ಕತಂಗಿಯರು.

ಕೆಂಚಯ್ಯ ಕಾಲಿನ ಹಗ್ಗ ಎಳೆದ, ಹೊಟ್ಟೆಯ ಹಗ್ಗ ಎಳೆದ, ಗುಂಡಿಗೆಯ ಹಗ್ಗ ಎಳೆದ. ಕಾಲುವೆಗಳು ಕಿರಿದಾದವು. ಗುಂಡಿಗೆ ಧಡಧಡ ಬಡಿಯಿತು. ನೆತ್ತರು ಗೊಣಗುತ್ತಲೇ ಮೇಲೆ ಹತ್ತಿತು.

"ಸಾಕಣ್ಣಾ, ಒಂಚೂರು ಸಡಿಲ ಬಿಡು."

ಬಿಟ್ಟ. ಬೊಮ್ಮಿಯ ಕಣ್ಣು ತಿಳಿಯಾಯಿತು. ಎದೆಯ ಮಟ್ಟದ ನೀರಿನಲ್ಲಿ ಕೂಸನ್ನು ಎತ್ತಿ ಹಿಡಿದು, ಎರಡೇ ಕಾಲ ಮೇಲೆ ನಡೆದು ದಡ ಸೇರಿದಳು.

ಅಂದಿನಿಂದ ಮನುಷ್ಯರು ಹಾಗೆಯೇ ನಡೆಯುತ್ತಾರೆ, ನೀರುಗಂಟಿ ಹಗ್ಗ ಬಿಟ್ಟು ಕೂತದ್ದೇ ಇಲ್ಲ. ಮಗೂ, ಮಲಗಿದ್ದಲ್ಲಿಂದ ದಡಬಡನೆ ಎದ್ದಾಗ ನಿನಗೂ ಒಂದು ಗಳಿಗೆ ಕಣ್ಣು ಮಂಜಾಗಿ, ಎದೆ ಜೋರಾಗಿ ಬಡಿದು, ಆಮೇಲೆ ಎಲ್ಲ ಸರಿಹೋಗುತ್ತದಲ್ಲ, ಅದು ನಿನ್ನ ತಲೆಯ ಬುಡದಲ್ಲಿರುವ ಕೆಂಚಯ್ಯ ನಿನ್ನನ್ನು ಬೀಳಗೊಡದೆ ಹಗ್ಗ ಎಳೆಯುವ ಹೊತ್ತು.