ಮೇಸ್ತ್ರಿ ಹತ್ತಲಿದ್ದ ದೋಣಿ

"ಗುರುಗಳೇ, ನನ್ನ ಕೈಯಿಂದಲೇ ಮದ್ದು ಕೊಡಲು ನೀವು ಯಾವಾಗ ಅಪ್ಪಣೆ ಕೊಡುತ್ತೀರಿ?"

ಕೇಳಿದವನು ಸುಬ್ರಾಯ. ಹೊಳೆದಂಡೆಯ ಪಂಡಿತರ ಬಳಿ ವೈದ್ಯ ಕಲಿಯುತ್ತಿದ್ದ ಶಿಷ್ಯ. ಬೇರುಗಳ ಹೆಸರು, ಗುಣ, ಅರೆಯುವ ಕ್ರಮ ಎಲ್ಲವೂ ಅವನಿಗೆ ಬಾಯಿಪಾಠವಾಗಿದ್ದವು. ಊರಿಗೆ ಹೋಗಿ ತಾನೇ ಮದ್ದು ಕೊಡಬೇಕೆಂಬ ಆಸೆ ಅವನನ್ನು ಕೂರಲು ಬಿಡುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಮೀನುಗಾರರ ಕೇರಿಯ ಹೆಂಗಸೊಬ್ಬಳು ಜ್ವರದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಪಂಡಿತರು ಹೇಳಿದ ಕಷಾಯವನ್ನು ಸುಬ್ರಾಯನೇ ಕುದಿಸಿ, ಬಾಟಲಿಗೆ ತುಂಬಿಸಿ ಕಳಿಸಿದ್ದ. ಈಗ ಗುರುಗಳ ಕೆಮ್ಮಿಗೆಂದು ಇನ್ನೊಂದು ಕಷಾಯ ಮಾಡಿ, ತೆಳುಬಟ್ಟೆಯಲ್ಲಿ ಗಸಿ ಉಳಿಯದಂತೆ ಸೋಸಿ, ಗಾಜಿನ ಲೋಟದಲ್ಲಿ ತಂದು ಮುಂದಿಟ್ಟಿದ್ದ.

ಪಂಡಿತರು ಲೋಟವನ್ನು ಮುಟ್ಟಲಿಲ್ಲ. "ಕೂತುಕೋ" ಎಂದರು. "ಕತೆ ಮುಗಿಯುವ ಹೊತ್ತಿಗೆ ಇದೂ ಕುಡಿಯುವ ಹದಕ್ಕೆ ಬರುತ್ತದೆ." ಹೀಗೆಂದು ಹೇಳತೊಡಗಿದರು.

ಒಂದು ಅಳಿವೆಯ ದಡದಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಮೇಸ್ತ್ರಿಯೊಬ್ಬನಿದ್ದ. ಅಳಿವೆ ಎಂಥದೆಂದು ನಿನಗೆ ಗೊತ್ತು. ಹೊಳೆ ಕಡಲನ್ನು ಸೇರುವಲ್ಲಿ ಮರಳದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಅಲ್ಲಿ ಎಂಜಿನ್ ಕೈಕೊಟ್ಟರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಅಲೆ ಮಗುಚಿಹಾಕುತ್ತದೆ. ಈಜು ಬಲ್ಲವರೂ ಅಲ್ಲಿ ಉಳಿದದ್ದು ಕಡಿಮೆ.

ಆ ಮೇಸ್ತ್ರಿಯ ಬಳಿ ಒಬ್ಬ ಶಿಷ್ಯನಿದ್ದ. ದೋಣಿಯ ಎಂಜಿನಿಗೆ ತಲೆ ನೀರಿನ ಮೇಲೆ, ಕಾಲು ನೀರಿನ ಒಳಗೆ. ಶಿಷ್ಯ ಕಲಿಯುತ್ತಿದ್ದದ್ದು ಆ ಕಾಲಿನ ಕೆಲಸ. ಅಲ್ಲೊಂದು ಗೇರ್ ಪೆಟ್ಟಿಗೆ, ಅದರ ಹಿಂದೆ ಪ್ರೊಪೆಲ್ಲರ್. ಪೆಟ್ಟಿಗೆಯ ಎಣ್ಣೆ ಹೊರಗೆ ಹೋಗಬಾರದು, ಹೊರಗಿನ ನೀರು ಒಳಗೆ ಬರಬಾರದು. ಎರಡರ ನಡುವೆ ಕಾವಲಿರುವುದು ಬಳೆಯಷ್ಟು ದೊಡ್ಡದೂ ಅಲ್ಲದ ಒಂದು ರಬ್ಬರ್ ಸೀಲು. ಇಷ್ಟೇ ವಿದ್ಯೆ. ಇಷ್ಟನ್ನು ಕಲಿಯಲು ಶಿಷ್ಯನಿಗೆ ವರ್ಷಗಳೇ ಹಿಡಿದವು.

ಎಣ್ಣೆಯನ್ನು ಮೇಲಿನ ತೂತಿನಿಂದ ಸುರಿಯಬಾರದು, ಕೆಳಗಿನ ತೂತಿನಿಂದ ಏರಿಸಬೇಕೆಂದು ಅವನು ಕಲಿತ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ, ತುಂಬದಿದ್ದರೂ ತುಂಬಿದಂತೆ ಕಾಣುತ್ತದೆ. ಇಳಿಸಿದ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ ಎಂದು ತಿಳಿಯಲು ಕಲಿತ. ಗೇರ್ ಪೆಟ್ಟಿಗೆಯದು ಮೇಲೆ ತಳುಕು ಒಳಗೆ ಹುಳುಕು, ಹೊರಗಿನ ಬಣ್ಣ ನೋಡಿ ನಂಬಬೇಡ ಎಂದು ಮೇಸ್ತ್ರಿ ಹೇಳಿದ್ದನ್ನೂ ಕಲಿತ. ಬಾಯಲ್ಲಿ ಕಲಿತದ್ದು ಕೈಗೆ ಇಳಿಯಲು ಸ್ವಲ್ಪ ಕಾಲ ಬೇಕು, ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಆ ದಡದಲ್ಲಿ ಒಂದು ರೂಢಿಯಿತ್ತು. ಶಿಷ್ಯನಾದವನು ಒಂದು ಗೇರ್ ಪೆಟ್ಟಿಗೆಯನ್ನು ಒಬ್ಬನೇ ಬಿಚ್ಚಿ, ಒಬ್ಬನೇ ಜೋಡಿಸಬೇಕು. ಆ ದೋಣಿ ಅಳಿವೆ ದಾಟಿ ಹೋಗಿ ಮರಳಿ ಬಂದರೆ ಮೇಸ್ತ್ರಿ ತನ್ನ ಸ್ಪ್ಯಾನರುಗಳನ್ನು ಅವನ ಕೈಗಿಡಬೇಕು. ಅಂದಿನಿಂದ ಅವನೂ ಮೇಸ್ತ್ರಿ.

ಶಿಷ್ಯನ ಪಾಲಿಗೆ ಆ ದಿನ ಬಂತು. ಒಬ್ಬ ಮೀನುಗಾರ ಎಂಜಿನ್ ಹೊತ್ತು ತಂದ. ಶಿಷ್ಯ ಎಣ್ಣೆ ಇಳಿಸಿದ. ಬೆಳ್ಳಗೆ ಬಂತು. ಪ್ರೊಪೆಲ್ಲರ್ ಕಳಚಿದ. ಅದರ ಹಿಂದೆ ಬಲೆಯ ನೈಲಾನ್ ದಾರ ಸುತ್ತಿಕೊಂಡು ಸೀಲಿನ ಅಂಚಿಗೆ ತಾಗಿ ಕೂತಿತ್ತು. ರೋಗ ಸಿಕ್ಕಿತೆಂದು ಅವನಿಗೆ ಖುಷಿಯಾಯಿತು. ದಾರವನ್ನು ಕತ್ತರಿಸಿ ತೆಗೆದ. ಸೀಲನ್ನು ಒರೆಸಿ ನೋಡಿದ. ನೋಡಲು ಚೆನ್ನಾಗಿಯೇ ಇತ್ತು. ಹೊಸ ಸೀಲು ಡಬ್ಬಿಯಲ್ಲಿತ್ತು, ಆದರೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು ಬೆವರಿಳಿಸುವ ಕೆಲಸ. ದಾರ ಹೋಯಿತಲ್ಲ, ಇನ್ನೇನು ಎಂದುಕೊಂಡ. ಹೊಸ ಎಣ್ಣೆ ಏರಿಸಿ ತಿರುಪು ಬಿಗಿದ. ನೀರಿನ ತೊಟ್ಟಿಯಲ್ಲಿ ಎಂಜಿನಿನ ಕಾಲು ಮುಳುಗಿಸಿ ಚಾಲೂ ಮಾಡಿದ. ಒಳ್ಳೆಯ ಸದ್ದು ಬಂತು.

"ಆಯಿತೇ?" ಎಂದು ಮೇಸ್ತ್ರಿ ಕೇಳಿದ.

"ಆಯಿತು" ಎಂದ ಶಿಷ್ಯ. ಅವನ ಧ್ವನಿ ನಡುಗಲಿಲ್ಲ.

ಮೀನುಗಾರ ಎಂಜಿನ್ ಎತ್ತಿಕೊಳ್ಳಲು ಬಾಗಿದ. ಆಗ ಮೇಸ್ತ್ರಿ ಗೂಟದ ಮೇಲಿದ್ದ ಟವೆಲು ತೆಗೆದು ಹೆಗಲಿಗೆ ಹಾಕಿದ. "ಕಡಲು ನೋಡದೆ ಬಹಳ ದಿನವಾಯಿತು. ಇವತ್ತು ನಾನೂ ಈ ದೋಣಿಯಲ್ಲಿ ಬರುತ್ತೇನೆ" ಎಂದ. ಮೇಸ್ತ್ರಿಗೆ ವಯಸ್ಸಾಗಿತ್ತು. ಅವನಿಗೆ ಈಜು ಬರುತ್ತಿರಲಿಲ್ಲ.

ಶಿಷ್ಯ ಮೀನುಗಾರನಿಗೆ ಅಡ್ಡ ಬಂದ. "ಸ್ವಲ್ಪ ನಿಲ್ಲಿ ಮೇಸ್ತ್ರಿಗಳೇ, ಇನ್ನೊಮ್ಮೆ ಬಿಚ್ಚಿ ನೋಡುತ್ತೇನೆ" ಎಂದು ಎಂಜಿನನ್ನು ಹಿಡಿದುಕೊಂಡ.

ಅವನು ಮತ್ತೆ ಎಣ್ಣೆ ಇಳಿಸಿದ, ಮತ್ತೆ ಪ್ರೊಪೆಲ್ಲರ್ ಕಳಚಿದ. ಹಳೆಯ ಸೀಲನ್ನು ಕಿತ್ತು ಬೆಳಕಿಗೆ ಹಿಡಿದ. ದಾರ ಹೋಗಿತ್ತು, ದಾರ ಕೊರೆದ ಗೀರು ಉಳಿದಿತ್ತು. ಕೂದಲೆಳೆಯಷ್ಟು ಗೀರು. ಹೊಸ ಸೀಲು ಕೂರಿಸಿದ, ತಿರುಪಿನ ವಾಷರುಗಳನ್ನೂ ಬದಲಿಸಿದ. ಪೆಟ್ಟಿಗೆಗೆ ಪಂಪಿನಿಂದ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ, ಒಂದು ಗುಳ್ಳೆಯಾದರೂ ಬರುತ್ತದೆಯೇ ಎಂದು ಕಣ್ಣು ಮಿಟುಕಿಸದೆ ಕಾದ. ಬರಲಿಲ್ಲ. ಆಮೇಲೆ ಎಣ್ಣೆ ಏರಿಸಿ, "ಈಗ ಹತ್ತಿ ಮೇಸ್ತ್ರಿಗಳೇ, ನನ್ನ ಜೀವದ ಆಣೆ, ಏನೂ ಆಗುವುದಿಲ್ಲ" ಎಂದ.

ಮೀನುಗಾರ ಅಷ್ಟು ಹೊತ್ತೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ. ನೆಲಕ್ಕೆ ಬಿದ್ದಿದ್ದ ಹಳೆಯ ಸೀಲನ್ನು ಎತ್ತಿ, ಅದರ ಗೀರಿನ ಮೇಲೆ ಉಗುರಾಡಿಸಿದ. ಅವನು ಸಿಟ್ಟು ಮಾಡಲಿಲ್ಲ. "ಹಂಗಾರೆ ತಮ್ಮಾ, ನಿಮ್ ಮೇಸ್ತ್ರಿಯವ್ರು ದಿನಾ ನನ್ ದೋಣೀಲಿ ಬರ್ಲಿ" ಎಂದ. ಎಂಜಿನ್ ಹೆಗಲಿಗೇರಿಸಿ ದೋಣಿಯತ್ತ ನಡೆದ.

ಮೇಸ್ತ್ರಿ ದೋಣಿ ಹತ್ತಲಿಲ್ಲ. ಟವೆಲನ್ನು ಮತ್ತೆ ಗೂಟಕ್ಕೆ ಹಾಕಿದ. ದೋಣಿ ಅಳಿವೆ ದಾಟಿತು, ಸಂಜೆಗೆ ಮೀನು ತುಂಬಿಕೊಂಡು ಮರಳಿತು. ಶಿಷ್ಯ ಸ್ಪ್ಯಾನರಿಗೆಂದು ಕೈಯೊಡ್ಡಿ ನಿಂತ. ಮೇಸ್ತ್ರಿ ಅವುಗಳನ್ನು ಒರೆಸಿ, ಅವು ಮೊದಲಿದ್ದ ಗೋಡೆಗೇ ತೂಗುಹಾಕಿದ.

ಪಂಡಿತರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಸುಬ್ರಾಯನಿಗೆ ಸಮಾಧಾನವಾಗಲಿಲ್ಲ. ಆ ಶಿಷ್ಯನ ಪರವಾಗಿ ಅವನಿಗೆ ನೋವಾಯಿತು. "ಇದು ನ್ಯಾಯವಲ್ಲ ಗುರುಗಳೇ. ಅವನ ತಪ್ಪನ್ನು ಅವನೇ ತಿದ್ದಿಕೊಂಡ. ದೋಣಿಯೂ ಮರಳಿತು, ಯಾರಿಗೂ ಕೇಡಾಗಲಿಲ್ಲ. ವಿದ್ಯೆ ಅವನಿಗೆ ಪೂರ್ತಿ ಗೊತ್ತಿತ್ತು. ಮತ್ತೆ ಸ್ಪ್ಯಾನರ್ ಕೊಡದೆ ಹೋದದ್ದೇಕೆ?"

ಪಂಡಿತರು ಗಾಜಿನ ಲೋಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಕಷಾಯ ತಿಳಿಯಾಗಿತ್ತು. ಲೋಟದಾಚೆ ಅವರ ಬೆರಳುಗಳು ಕಾಣುತ್ತಿದ್ದವು.

"ಇದರಲ್ಲಿ ಚೂರೂ ಗಸಿಯಿಲ್ಲ, ಸುಬ್ರಾಯ. ಬೆಳಿಗ್ಗೆ ಆ ಕೂಸಿಗೆ ಕೊಟ್ಟ ಬಾಟಲಿಯಲ್ಲಿ?"